ಪೋರ್ಟ್ ಅಲ್ಲ, ವ್ಯಾಟ್ ಎಣಿಸಿ: ನೆಟ್‌ವರ್ಕ್ ಸ್ವಿಚ್‌ನಲ್ಲಿ ಪಿಒಇ ನಿರ್ವಹಣೆ ಹಂತಹಂತವಾಗಿ

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಮೂರು. ಹಗಲೆಲ್ಲ ಸರಿಯಾಗಿ ನಡೆಯುವ ಸಿಸಿಟಿವಿ ಕ್ಯಾಮೆರಾ ಕತ್ತಲಾದ ಮೇಲೆ ಯಾಕೆ ಆಫ್ ಆಗುತ್ತದೆ? ಎಂಟು ಪೋರ್ಟಿನ ಸ್ವಿಚ್‌ಗೆ ಏಳನೆಯ ಸಾಧನ ಸಿಕ್ಕಿಸಿದರೆ ಬೇರೆ ಯಾವುದೋ ಒಂದು ಯಾಕೆ ಸತ್ತುಹೋಗುತ್ತದೆ? ಮೂರನೇ ಮಹಡಿಯ ಸೀಲಿಂಗಿನಲ್ಲಿರುವ ವೈಫೈ ಆಕ್ಸೆಸ್ ಪಾಯಿಂಟ್ ಹ್ಯಾಂಗ್ ಆದರೆ ಏಣಿ ಹತ್ತದೆ ರೀಸ್ಟಾರ್ಟ್ ಮಾಡುವುದು ಹೇಗೆ?

ಮೂರಕ್ಕೂ ಉತ್ತರ ಇರುವುದು ಒಂದೇ ಕಡೆ, ಸ್ವಿಚ್ ತನ್ನ ಪೋರ್ಟುಗಳಿಗೆ ವಿದ್ಯುತ್ ಹಂಚುವ ರೀತಿಯಲ್ಲಿ. ಹಂಚಿಕೆಯ ನಿಯಮವನ್ನು ನೀವು ಬರೆಯದಿದ್ದರೆ ಸ್ವಿಚ್ ತನಗೆ ತೋಚಿದಂತೆ ಹಂಚುತ್ತದೆ. ಯಾವ ಸಾಧನ ಮೊದಲು ಆಫ್ ಆಗಬೇಕು ಎಂಬ ತೀರ್ಮಾನವನ್ನೂ ಅದೇ ಮಾಡುತ್ತದೆ. ಆ ತೀರ್ಮಾನ ನಿಮ್ಮ ಕೈಗೆ ಬರಬೇಕು ಎಂಬುದಕ್ಕಾಗಿಯೇ ಈ ಬರಹ. ಸಣ್ಣ ಕಚೇರಿ, ಶಾಲೆ, ಅಪಾರ್ಟ್‌ಮೆಂಟ್, ಅಂಗಡಿಗಳಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಶುರು ಮಾಡುವ ಮುನ್ನ ತಿಳಿದಿರಬೇಕಾದ್ದು

ಪಿಒಇ ಎಂದರೆ ಪವರ್ ಓವರ್ ಈಥರ್ನೆಟ್. ಡೇಟಾ ಹೋಗುವ ಕೇಬಲ್ಲಿನಲ್ಲೇ 44ರಿಂದ 57 ವೋಲ್ಟ್ ನಡುವಿನ ಡಿಸಿ ವಿದ್ಯುತ್ತನ್ನೂ ಕಳುಹಿಸುವ ವ್ಯವಸ್ಥೆ ಇದು. ಕೈಪಿಡಿಗಳಲ್ಲಿ ಕೊಡುವ ಕಡೆಯನ್ನು ಪಿಎಸ್ಇ ಎಂದೂ ಪಡೆಯುವ ಕಡೆಯನ್ನು ಪಿಡಿ ಎಂದೂ ಬರೆದಿರುತ್ತಾರೆ. ನಮ್ಮ ಮಟ್ಟಿಗೆ ಪಿಎಸ್ಇ ಅಂದರೆ ಸ್ವಿಚ್, ಪಿಡಿ ಅಂದರೆ ಕ್ಯಾಮೆರಾ, ಐಪಿ ಫೋನ್, ಆಕ್ಸೆಸ್ ಪಾಯಿಂಟ್ ಇತ್ಯಾದಿ.

ಮಾನದಂಡಕ್ಕೆ ಬದ್ಧವಾದ ಸ್ವಿಚ್ ಕೇಬಲ್ ಸಿಕ್ಕಿಸಿದ ಕೂಡಲೇ ವಿದ್ಯುತ್ ಬಿಡುವುದಿಲ್ಲ. ಮೊದಲು 10 ವೋಲ್ಟ್ ಆಸುಪಾಸಿನೊಳಗಿನ ಸಣ್ಣ ವೋಲ್ಟೇಜ್ ಕಳುಹಿಸಿ, ಆ ತುದಿಯಲ್ಲಿ ಸುಮಾರು 25 ಕಿಲೋಓಮ್ ರೋಧ ಇದೆಯೇ ಎಂದು ತಡವಿ ನೋಡುತ್ತದೆ. ಇದಕ್ಕೆ ಡಿಟೆಕ್ಷನ್ ಎನ್ನುತ್ತಾರೆ. ಆ ರೋಧ ಸಿಕ್ಕರೆ ಮಾತ್ರ ಮುಂದಿನ ಹೆಜ್ಜೆ ಕ್ಲಾಸಿಫಿಕೇಷನ್, ಅಂದರೆ ‘ನಿನಗೆ ಹೆಚ್ಚೆಂದರೆ ಎಷ್ಟು ಬೇಕು’ ಎಂದು ಕೇಳುವುದು. ಆಮೇಲಷ್ಟೇ ಪೂರ್ತಿ ವೋಲ್ಟೇಜ್. ಅಲ್ಲಿಗೂ ಮುಗಿಯಲಿಲ್ಲ. ಸಾಧನ ಕನಿಷ್ಠ ಸುಮಾರು 10 ಮಿಲಿಆಂಪಿಯರ್ ಎಳೆಯುತ್ತಲೇ ಇರಬೇಕು. ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತು ಅದು ನಿಂತರೂ ಸಾಧನ ಕಳಚಿದೆ ಎಂದುಕೊಂಡು ಸ್ವಿಚ್ ವಿದ್ಯುತ್ ಕಡಿದುಬಿಡುತ್ತದೆ. ಲ್ಯಾಪ್‌ಟಾಪ್, ಪ್ರಿಂಟರ್‌ಗಳನ್ನು ಇಂಥ ಪೋರ್ಟಿಗೆ ಸಿಕ್ಕಿಸಿದರೂ ಏನೂ ಆಗದಿರುವುದು ಈ ತಪಾಸಣೆಯಿಂದಲೇ.

ಮಾನದಂಡಗಳು ಮುಖ್ಯವಾಗಿ ಮೂರು. 2003ರ 802.3ಎಎಫ್‌ನಲ್ಲಿ ಪೋರ್ಟ್ 15.4 ವ್ಯಾಟ್ ಕೊಡುತ್ತದೆ, ಸಾಧನಕ್ಕೆ 12.95 ವ್ಯಾಟ್ ಖಾತ್ರಿ. 2009ರ 802.3ಎಟಿ, ಅಂದರೆ ಪೆಟ್ಟಿಗೆಯ ಮೇಲೆ ‘ಪಿಒಇ ಪ್ಲಸ್’ ಎಂದು ಬರೆದಿರುವುದು, 30 ವ್ಯಾಟ್ ಕೊಡುತ್ತದೆ, ಸಾಧನಕ್ಕೆ 25.5 ಖಾತ್ರಿ. 2018ರ 802.3ಬಿಟಿ ನಾಲ್ಕೂ ಜೋಡಿ ತಂತಿಗಳನ್ನು ಬಳಸುತ್ತದೆ. ಅದರ ಟೈಪ್ 3ರಲ್ಲಿ 60 ವ್ಯಾಟ್ ಹೊರಟು 51 ತಲುಪುತ್ತದೆ, ಟೈಪ್ 4ರಲ್ಲಿ 90 ಹೊರಟು 71.3 ತಲುಪುತ್ತದೆ. ಒಂದು ಎಚ್ಚರಿಕೆ: ‘ಪಿಒಇ ಪ್ಲಸ್ ಪ್ಲಸ್’ ಎಂಬ ಹೆಸರನ್ನು 60 ವ್ಯಾಟಿಗೂ 90 ವ್ಯಾಟಿಗೂ ಹಚ್ಚುತ್ತಾರೆ. ಹೆಸರು ನಂಬಬೇಡಿ, ವ್ಯಾಟ್ ಸಂಖ್ಯೆ ಕೇಳಿ.

ಕೈಯಲ್ಲಿ ಇರಬೇಕಾದವು

ಮ್ಯಾನೇಜ್ಡ್ ಅಥವಾ ಸ್ಮಾರ್ಟ್ ಸ್ವಿಚ್ (ಬ್ರೌಸರಿನಲ್ಲಿ ಲಾಗಿನ್ ಆಗಿ ಪೋರ್ಟುಗಳನ್ನು ನಿಯಂತ್ರಿಸಬಹುದಾದದ್ದು), ಅದರ ಅಡ್ಮಿನ್ ಪಾಸ್‌ವರ್ಡ್, ಸ್ವಿಚ್ ಮತ್ತು ಪ್ರತಿ ಸಾಧನದ ಡೇಟಾಶೀಟ್, ಯಾವ ಕೇಬಲ್ ಎಲ್ಲಿಗೆ ಹೋಗಿದೆ ಎಂಬ ಪಟ್ಟಿ. ಪಟ್ಟಿ ಇಲ್ಲದಿದ್ದರೆ ಇವತ್ತೇ ಮಾಡಿ. ಅನ್‌ಮ್ಯಾನೇಜ್ಡ್ ಸ್ವಿಚ್ ಇದ್ದವರಿಗೆ 1, 2 ಮತ್ತು 8ನೇ ಹಂತಗಳು ಹೆಚ್ಚು ಉಪಯೋಗ. ಉಳಿದವಕ್ಕೆ ಸ್ವಿಚ್‌ನಲ್ಲಿ ಮೆನು ಬೇಕೇಬೇಕು.

ಇಲ್ಲಿ ಕೊಟ್ಟಿರುವ ಆದೇಶಗಳನ್ನು ಉಚ್ಚಾರಣೆಯಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಹಂತ 1: ಪ್ರತಿ ಸಾಧನದ ಗರಿಷ್ಠ ವ್ಯಾಟ್ ಬರೆದುಕೊಳ್ಳಿ

ಡೇಟಾಶೀಟಿನಲ್ಲಿ ಎರಡು ಸಂಖ್ಯೆಗಳಿರಬಹುದು, ಸಾಮಾನ್ಯ ಬಳಕೆ ಮತ್ತು ಗರಿಷ್ಠ ಬಳಕೆ. ನಿಮಗೆ ಬೇಕಾದ್ದು ಗರಿಷ್ಠ. ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಕತ್ತಲಾದ ಮೇಲೆ ಉರಿಯುತ್ತವೆ, ಆಗ ಬಳಕೆ ಏರುತ್ತದೆ. ತಿರುಗುವ ಪಿಟಿಝಡ್ ಕ್ಯಾಮೆರಾ ಮೋಟಾರ್ ಓಡುವಾಗ ಹೆಚ್ಚು ಎಳೆಯುತ್ತದೆ. ಆಕ್ಸೆಸ್ ಪಾಯಿಂಟ್ ಎಲ್ಲ ರೇಡಿಯೊಗಳನ್ನೂ ಆನ್ ಮಾಡಿಕೊಂಡು, ತುಂಬ ಜನ ಬಳಸುವಾಗ ಏರುತ್ತದೆ. ಅದರ ಹಿಂದಿನ ಯುಎಸ್‌ಬಿ ಕಿಂಡಿಗೆ ಏನಾದರೂ ಸಿಕ್ಕಿಸಿದ್ದರೆ ಅದರ ಪಾಲೂ ಸೇರುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎಂಟು ಪೋರ್ಟಿನ ಸ್ವಿಚ್, ಅದರ ಒಟ್ಟು ಪಿಒಇ ಬಜೆಟ್ 62 ವ್ಯಾಟ್. ಅದಕ್ಕೆ ಆರು ಕ್ಯಾಮೆರಾ, ಒಂದು ಆಕ್ಸೆಸ್ ಪಾಯಿಂಟ್. ಕ್ಯಾಮೆರಾ ಹಗಲು 5 ವ್ಯಾಟ್, ರಾತ್ರಿ 9 ವ್ಯಾಟ್. ಆಕ್ಸೆಸ್ ಪಾಯಿಂಟ್ 15 ವ್ಯಾಟ್. ಹಗಲಿನ ಲೆಕ್ಕ 30ಕ್ಕೆ 15 ಕೂಡಿಸಿದರೆ 45, ನಿರಾಳ. ಸೂರ್ಯ ಮುಳುಗಿದ ಮೇಲೆ 54ಕ್ಕೆ 15 ಕೂಡಿಸಿದರೆ 69. ಬಜೆಟ್ ಮೀರಿತು, ಒಂದು ಕ್ಯಾಮೆರಾ ಹೋಯಿತು. ಅದು ಹೋದ ಕೂಡಲೇ ಲೆಕ್ಕ 60ಕ್ಕೆ ಇಳಿಯುತ್ತದೆ. ಜಾಗ ಆಯಿತೆಂದು ಸ್ವಿಚ್ ಅದನ್ನು ಮತ್ತೆ ಎಬ್ಬಿಸಲು ನೋಡುತ್ತದೆ, ಅದು ಎದ್ದು ವಿದ್ಯುತ್ ಎಳೆದ ಕೂಡಲೇ ಮತ್ತೆ ಕಡಿಯುತ್ತದೆ. ‘ರಾತ್ರಿಯಿಡೀ ಕ್ಯಾಮೆರಾ ಆನ್ ಆಫ್ ಆಗುತ್ತದೆ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ. ಕ್ಯಾಮೆರಾ ಬದಲಿಸಿ ಪ್ರಯೋಜನವಿಲ್ಲ.

ಹಂತ 2: ಸ್ವಿಚ್‌ನ ನಿಜವಾದ ಬಜೆಟ್ ಕಂಡುಕೊಳ್ಳಿ

ಪಿಒಇ ಬಜೆಟ್ ಎಂದರೆ ಎಲ್ಲ ಪೋರ್ಟುಗಳಿಗೂ ಸೇರಿ ಸ್ವಿಚ್ ಕೊಡಬಲ್ಲ ಒಟ್ಟು ವ್ಯಾಟ್. ಇದು ‘ಪ್ರತಿ ಪೋರ್ಟಿಗೆ 30 ವ್ಯಾಟ್’ ಎಂಬ ಮಾತಿಗಿಂತ ಬೇರೆ. ಎಂಟು ಪೋರ್ಟಿಗೂ 30 ಸಿಗಬೇಕಾದರೆ 240 ವ್ಯಾಟ್ ಬಜೆಟ್ ಬೇಕು. 62 ವ್ಯಾಟಿನ ಸ್ವಿಚ್‌ನಲ್ಲಿ ಯಾವುದಾದರೂ ಎರಡು ಪೋರ್ಟಿಗೆ 30 ಸಿಕ್ಕರೆ ಉಳಿದವಕ್ಕೆ ಏನೂ ಇಲ್ಲ. 24 ಪೋರ್ಟಿನ ಸ್ವಿಚ್‌ಗಳಲ್ಲಿ 370 ವ್ಯಾಟ್, 48 ಪೋರ್ಟಿನವುಗಳಲ್ಲಿ 740 ವ್ಯಾಟ್ ಎಂದು ಕ್ಯಾಟಲಾಗಿನಲ್ಲಿ ನೋಡಿರುತ್ತೀರಿ. ಭಾಗಿಸಿ ನೋಡಿ, ಪೋರ್ಟಿಗೆ 15.4 ಬರುತ್ತದೆ. ಅಂದರೆ ಎಲ್ಲ ಪೋರ್ಟಿಗೂ ಹಳೆಯ ಎಎಫ್ ಮಟ್ಟದಲ್ಲಿ ಮಾತ್ರ ಪೂರ್ತಿ ಕೊಡಬಲ್ಲದು.

ಅಡಾಪ್ಟರಿನ ಮೇಲಿರುವ ವ್ಯಾಟ್ ಬಜೆಟ್ ಅಲ್ಲ. ಅದರಲ್ಲಿ ಸ್ವಿಚ್ ತನ್ನ ಪಾಲನ್ನೂ ತಿನ್ನುತ್ತದೆ. ಕೆಲವು ಮಾದರಿಗಳಲ್ಲಿ ಮೊದಲ ನಾಲ್ಕೋ ಎಂಟೋ ಪೋರ್ಟಿನಲ್ಲಿ ಮಾತ್ರ ಪಿಒಇ ಇರುತ್ತದೆ. ಅದನ್ನೂ ಈಗಲೇ ನೋಡಿಬಿಡಿ.

ಹಂತ 1ರ ಮೊತ್ತ ಬಜೆಟ್ಟಿನ ನೂರಕ್ಕೆ 80 ದಾಟಿದ್ದರೆ ದೊಡ್ಡ ಸ್ವಿಚ್ ತೆಗೆದುಕೊಳ್ಳಿ ಎಂಬುದೇ ನನ್ನ ಸಲಹೆ. ಮುಂದಿನ ಹಂತಗಳ ಹೊಂದಾಣಿಕೆಯಿಂದ ಇಲ್ಲದ ವಿದ್ಯುತ್ ಹುಟ್ಟುವುದಿಲ್ಲ.

ಹಂತ 3: ಕಾಯ್ದಿರಿಸಿದ್ದು ಎಷ್ಟು, ಎಳೆಯುತ್ತಿರುವುದು ಎಷ್ಟು

ಜನ ಅತಿ ಹೆಚ್ಚು ಎಡವುವ ಜಾಗ ಇದು, ನಿಧಾನವಾಗಿ ಓದಿ.

ಸ್ವಿಚ್‌ಗೆ ಲಾಗಿನ್ ಆಗಿ ಪಿಒಇ ಪುಟ ತೆರೆದರೆ ಎರಡು ಬಗೆಯ ಸಂಖ್ಯೆ ಕಾಣಬಹುದು. ಒಂದು ‘ಅಲೊಕೇಟೆಡ್’, ಅಂದರೆ ಆ ಪೋರ್ಟಿಗೆಂದು ಕಾಯ್ದಿರಿಸಿದ್ದು. ಇನ್ನೊಂದು ‘ಕನ್ಸಂಪ್ಷನ್’ ಅಥವಾ ‘ಆ್ಯಕ್ಚುವಲ್’, ಅಂದರೆ ಈ ಕ್ಷಣ ನಿಜಕ್ಕೂ ಹರಿಯುತ್ತಿರುವುದು. ನಿಮ್ಮ ಮನೆಯ ಮೀಟರಿಗೆ ಮಂಜೂರಾದ ಕಿಲೋವ್ಯಾಟ್ ಒಂದು, ತಿಂಗಳ ಬಿಲ್ಲಿನಲ್ಲಿ ಕಾಣುವ ಬಳಕೆ ಇನ್ನೊಂದು ಅಲ್ಲವೇ, ಹಾಗೆಯೇ ಇದು.

ಸ್ವಿಚ್ ಕಾಯ್ದಿರಿಸುವುದು ಸಾಮಾನ್ಯವಾಗಿ ಸಾಧನ ಹೇಳಿದ ಕ್ಲಾಸ್ ನೋಡಿ. ಕ್ಲಾಸ್ 1 ಎಂದರೆ 4 ವ್ಯಾಟ್, ಕ್ಲಾಸ್ 2 ಎಂದರೆ 7, ಕ್ಲಾಸ್ 3 ಎಂದರೆ 15.4, ಕ್ಲಾಸ್ 4 ಎಂದರೆ 30. ಬಿಟಿ ಮಾನದಂಡದಲ್ಲಿ 5ರಿಂದ 8ರವರೆಗಿನ ಕ್ಲಾಸುಗಳು 45, 60, 75, 90 ವ್ಯಾಟ್. ಕ್ಲಾಸ್ 0 ಎಂದರೆ ಸಾಧನ ಏನೂ ಹೇಳಲಿಲ್ಲ ಎಂದರ್ಥ. ಆಗ ಸ್ವಿಚ್ ಮುಂಜಾಗ್ರತೆಗೆ 15.4 ಎತ್ತಿಡುತ್ತದೆ. ಕ್ಯಾಮೆರಾ 4 ವ್ಯಾಟ್ ಎಳೆಯುತ್ತಿದ್ದರೂ 11.4 ವ್ಯಾಟ್ ಸುಮ್ಮನೆ ಬೀಗ ಹಾಕಿಟ್ಟಂತಾಯಿತು. 62 ವ್ಯಾಟಿನ ಸ್ವಿಚ್‌ನಲ್ಲಿ ಇಂಥ ನಾಲ್ಕು ಕ್ಯಾಮೆರಾ ಹಾಕಿದರೆ ಐದನೆಯದಕ್ಕೆ ‘ಪವರ್ ಡಿನೈಡ್’ ಬರುತ್ತದೆ, ಮೀಟರ್ ಮಾತ್ರ 16 ವ್ಯಾಟ್ ತೋರಿಸುತ್ತಿರುತ್ತದೆ.

ಇದಕ್ಕೆ ಎರಡು ಪರಿಹಾರ. ಹಲವು ಸ್ವಿಚ್‌ಗಳಲ್ಲಿ ಹಂಚಿಕೆಯ ಕ್ರಮವನ್ನು ‘ಕ್ಲಾಸ್’ನಿಂದ ‘ಯೂಸೇಜ್’ಗೆ ಬದಲಿಸಬಹುದು, ಆಗ ನಿಜವಾದ ಬಳಕೆಯ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ. ಆದರೆ ಹಗಲಿನ ಬಳಕೆ ನೋಡಿ ಸಾಧನ ತುಂಬಿಸಿದರೆ ಹಂತ 1ರ ರಾತ್ರಿಯ ಪಾಡು ಮತ್ತೆ ಬರುತ್ತದೆ. ಎರಡನೆಯದು ಎಲ್‌ಎಲ್‌ಡಿಪಿ, ಅಂದರೆ ನೆಟ್‌ವರ್ಕ್ ಸಾಧನಗಳು ಪಕ್ಕದವರಿಗೆ ತಮ್ಮ ಪರಿಚಯ ಹೇಳಿಕೊಳ್ಳುವ ವಿಧಾನ. ಅದು ಆನ್ ಇದ್ದರೆ ಸಾಧನ ತನಗೆ ಬೇಕಾದ್ದನ್ನು 0.1 ವ್ಯಾಟಿನ ಸೂಕ್ಷ್ಮದಲ್ಲಿ ಕೇಳಬಹುದು. ನಾನು ಮೊದಲು ಆಯ್ದುಕೊಳ್ಳುವುದು ಇದನ್ನೇ. ಎಲ್‌ಎಲ್‌ಡಿಪಿ ಆಫ್ ಇದ್ದಾಗ ಕೆಲವು ಆಕ್ಸೆಸ್ ಪಾಯಿಂಟುಗಳು ‘ನನಗೆ ಸಾಕಷ್ಟು ವಿದ್ಯುತ್ ಇಲ್ಲ’ ಎಂದುಕೊಂಡು ಒಂದು ರೇಡಿಯೊ ಆಫ್ ಮಾಡಿಕೊಂಡೋ ವೇಗ ತಗ್ಗಿಸಿಕೊಂಡೋ ಸದ್ದಿಲ್ಲದೆ ನಡೆಯುತ್ತವೆ. ವೈಫೈ ನಿಧಾನ ಎಂದು ದೂರು ಬಂದಾಗ ಇದನ್ನೂ ನೋಡಿ.

ಸಿಸ್ಕೊ ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲಿ ‘ಷೋ ಪವರ್ ಇನ್‌ಲೈನ್’ ಎಂದರೆ ಒಟ್ಟು, ಬಳಸಿದ್ದು, ಉಳಿದದ್ದು, ಪ್ರತಿ ಪೋರ್ಟಿನ ಕ್ಲಾಸ್ ಎಲ್ಲ ಬರುತ್ತದೆ. ಉಳಿದ ಬ್ರ್ಯಾಂಡ್‌ಗಳಲ್ಲಿ ಇದೇ ವಿವರ ವೆಬ್ ಮೆನುವಿನ ಪಿಒಇ ಪುಟದಲ್ಲಿರುತ್ತದೆ.

ಹಂತ 4: ಪೋರ್ಟಿಗೆ ಮಿತಿ ಹಾಕಿ, ಆದರೆ ಬಿಗಿಯಾಗಿ ಬೇಡ

ಪ್ರತಿ ಪೋರ್ಟಿಗೂ ಗರಿಷ್ಠ ವ್ಯಾಟ್ ಗೊತ್ತುಮಾಡಬಹುದು. ಹಾಳಾದ ಒಂದು ಸಾಧನ ಎಲ್ಲರ ಪಾಲನ್ನೂ ಎಳೆಯದಂತೆ ತಡೆಯಲು ಇದು ಒಳ್ಳೆಯದು. ಕ್ಯಾಟಲಿಸ್ಟ್‌ನಲ್ಲಿ ‘ಪವರ್ ಇನ್‌ಲೈನ್ ಆಟೊ ಮ್ಯಾಕ್ಸ್’ ಎಂದು ಬರೆದು ಮುಂದೆ ಮಿಲಿವ್ಯಾಟಿನಲ್ಲಿ ಸಂಖ್ಯೆ ಕೊಡಬೇಕು. 15.4 ವ್ಯಾಟಿಗೆ 15400. ಇಲ್ಲಿ ವ್ಯಾಟ್, ಮಿಲಿವ್ಯಾಟ್ ಅದಲುಬದಲು ಮಾಡಬೇಡಿ.

ಎಡವಿ ಬೀಳುವ ದೊಡ್ಡ ಗುಂಡಿ ಇನ್ನೊಂದಿದೆ. ಕ್ಯಾಮೆರಾ 5 ವ್ಯಾಟ್ ಎಳೆಯುತ್ತದೆ ಎಂದು ಪೋರ್ಟಿಗೆ 7 ವ್ಯಾಟಿನ ಮಿತಿ ಹಾಕುತ್ತೀರಿ. ಕ್ಯಾಮೆರಾ ತನ್ನನ್ನು ಕ್ಲಾಸ್ 3 ಎಂದು ಹೇಳಿಕೊಳ್ಳುತ್ತದೆ. ಕ್ಯಾಟಲಿಸ್ಟ್‌ನಂಥ ಸ್ವಿಚ್‌ಗಳು ಕ್ಲಾಸಿನ ಗರಿಷ್ಠ ನಿಮ್ಮ ಮಿತಿಗಿಂತ ಹೆಚ್ಚು ಎಂದು ಕಂಡು ವಿದ್ಯುತ್ತನ್ನೇ ಕೊಡುವುದಿಲ್ಲ. ಮಿತಿ ಹಾಕಿದ್ದಕ್ಕೆ ಕ್ಯಾಮೆರಾ ಸತ್ತಿತು! ಅಂಥ ಕಡೆ ‘ಪವರ್ ಇನ್‌ಲೈನ್ ಕನ್ಸಂಪ್ಷನ್’ ಎಂಬ ಆದೇಶದಿಂದ ಕ್ಲಾಸನ್ನು ಬದಿಗಿಟ್ಟು ನೀವೇ ಒಂದು ಅಂಕಿ ಕೊಡಬಹುದು. ಹಾಗೆ ಕೊಡುವಾಗ ಡೇಟಾಶೀಟಿನ ಗರಿಷ್ಠಕ್ಕೆ ನೂರಕ್ಕೆ 20ರಷ್ಟು ಸೇರಿಸಿಯೇ ಕೊಡಿ. ಸುಳ್ಳು ಅಂಕಿ ಕೊಟ್ಟು ಸಾಧನ ತುಂಬಿಸಿದರೆ ಒಟ್ಟು ಬಳಕೆ ವಿದ್ಯುತ್ ಪೂರೈಕೆಯನ್ನೇ ಮೀರುವ ಅಪಾಯ ಇದೆ.

‘ಸ್ಟ್ಯಾಟಿಕ್’ ಎಂಬ ಆಯ್ಕೆಯ ಬಗ್ಗೆ ಒಂದು ಮಾತು. ಅದನ್ನು ಆರಿಸಿದರೆ ಸಾಧನ ಇರಲಿ ಬಿಡಲಿ, ಆ ಪೋರ್ಟಿಗೆ ವಿದ್ಯುತ್ ಕಾಯ್ದಿಟ್ಟಿರುತ್ತದೆ. ಗೇಟಿನ ಕ್ಯಾಮೆರಾದಂಥ ಒಂದೆರಡಕ್ಕೆ ಸರಿ, ಎಲ್ಲದಕ್ಕೂ ಬೇಡ.

ಹಂತ 5: ಆದ್ಯತೆ ಬರೆಯಿರಿ

ಬಜೆಟ್ ಮೀರಿದಾಗ ಯಾರು ಮೊದಲು ಹೋಗಬೇಕು? ಬಹುತೇಕ ಸ್ವಿಚ್‌ಗಳಲ್ಲಿ ಮೂರು ದರ್ಜೆ ಇವೆ: ಕ್ರಿಟಿಕಲ್, ಹೈ, ಲೋ. ಪೆಟ್ಟಿಗೆಯಿಂದ ತೆಗೆದಾಗ ಎಲ್ಲ ಪೋರ್ಟುಗಳೂ ‘ಲೋ’ ಆಗಿರುವುದೇ ಸಾಮಾನ್ಯ. ಎಲ್ಲವೂ ಸಮ ಇದ್ದಾಗ ಅನೇಕ ಸ್ವಿಚ್‌ಗಳು ಪೋರ್ಟ್ ಸಂಖ್ಯೆ ನೋಡುತ್ತವೆ, ಚಿಕ್ಕ ಸಂಖ್ಯೆಗೆ ಮೊದಲ ಮನ್ನಣೆ. ನಿಮ್ಮ ಮುಖ್ಯದ್ವಾರದ ಕ್ಯಾಮೆರಾ ಎಂಟನೇ ಪೋರ್ಟಿನಲ್ಲಿದ್ದರೆ ಮೊದಲು ಹೋಗುವುದು ಅದೇ. ಒಂದನೇ ಪೋರ್ಟಿನಲ್ಲಿರುವ ಪ್ಯಾಂಟ್ರಿಯ ಫೋನ್ ನಡೆಯುತ್ತಲೇ ಇರುತ್ತದೆ.

ಮೊದಲು ಕಾಗದದ ಮೇಲೆ ತೀರ್ಮಾನ ಮಾಡಿ, ಆಮೇಲೆ ಮೆನುಗೆ ಹೋಗಿ. ಪ್ರವೇಶದ್ವಾರ ಮತ್ತು ಹಣ ಎಣಿಸುವ ಜಾಗದ ಕ್ಯಾಮೆರಾ, ತುರ್ತು ಕರೆಗೆ ಬಳಸುವ ಫೋನ್, ಬಾಗಿಲು ತೆರೆಯುವ ಆಕ್ಸೆಸ್ ಕಂಟ್ರೋಲ್ ಯಂತ್ರ ಇವು ಕ್ರಿಟಿಕಲ್. ಕಾರಿಡಾರಿನ ಕ್ಯಾಮೆರಾ, ಮುಖ್ಯ ಆಕ್ಸೆಸ್ ಪಾಯಿಂಟ್ ಇವು ಹೈ. ಉಳಿದದ್ದು ಲೋ. ಎಲ್ಲವನ್ನೂ ಕ್ರಿಟಿಕಲ್ ಮಾಡಿದರೆ ಏನನ್ನೂ ಮಾಡದಂತೆಯೇ ಲೆಕ್ಕ.

ಪಿಒಇಯಿಂದಲೇ ನಡೆಯುವ ಚಿಕ್ಕ ಸ್ವಿಚ್ ಒಂದು ಪೋರ್ಟಿನಲ್ಲಿದ್ದರೆ ಅದಕ್ಕೂ ಕ್ರಿಟಿಕಲ್ ಕೊಡಿ. ಅದು ಹೋದರೆ ಅದರ ಹಿಂದಿರುವ ಎಲ್ಲವೂ ಹೋಗುತ್ತವೆ.

ಕೆಲವು ಮೆನುಗಳಲ್ಲಿ ‘ಗಾರ್ಡ್ ಬ್ಯಾಂಡ್’ ಎಂಬ ಅಂಕಣ ಇರುತ್ತದೆ. ಬಜೆಟ್ಟಿನ ತುದಿಯಲ್ಲಿ ಮೀಸಲಿಡುವ ವ್ಯಾಟ್ ಅದು. ಉಳಿದದ್ದು ಅಷ್ಟಕ್ಕಿಂತ ಕಡಿಮೆಯಾದರೆ ಹೊಸ ಸಾಧನಕ್ಕೆ ವಿದ್ಯುತ್ ಕೊಡುವುದಿಲ್ಲ, ಈಗಾಗಲೇ ನಡೆಯುತ್ತಿರುವವು ಉಳಿದುಕೊಳ್ಳುತ್ತವೆ. ಅದನ್ನು ಸೊನ್ನೆ ಮಾಡಬೇಡಿ.

ಹಂತ 6: ಬೇಡದ ಪೋರ್ಟಿನಲ್ಲಿ ಪಿಒಇ ಆಫ್ ಮಾಡಿ, ಪ್ಯಾಸಿವ್ ಪಿಒಇಗೆ ಹೆದರಿ

ಇನ್ನೊಂದು ಸ್ವಿಚ್, ರೂಟರ್, ಎನ್‌ವಿಆರ್‌ಗೆ (ಕ್ಯಾಮೆರಾ ದೃಶ್ಯ ದಾಖಲಿಸುವ ಯಂತ್ರಕ್ಕೆ) ಹೋಗುವ ಪೋರ್ಟುಗಳಲ್ಲಿ ಪಿಒಇ ಆಫ್ ಇಡಿ. ಕ್ಯಾಟಲಿಸ್ಟ್‌ನಲ್ಲಿ ಇದಕ್ಕೆ ‘ಪವರ್ ಇನ್‌ಲೈನ್ ನೆವರ್’. ಮಾನದಂಡದ ಸ್ವಿಚ್ ಆದರೆ ಡಿಟೆಕ್ಷನ್ ಕಾಪಾಡುತ್ತದೆ, ನಿಜ. ಆದರೂ ಬೇಡದ ಕಡೆ ಬೇಡ. ಖಾಲಿ ಪೋರ್ಟಿನಲ್ಲಿ ಯಾರೋ ತಂದ ಸಾಧನ ಬಜೆಟ್ ತಿನ್ನುವುದೂ ತಪ್ಪುತ್ತದೆ.

ಪ್ಯಾಸಿವ್ ಪಿಒಇ ಮಾತ್ರ ಪೂರ್ತಿ ಬೇರೆಯ ಪ್ರಾಣಿ. ಅದರಲ್ಲಿ ಡಿಟೆಕ್ಷನ್ ಇಲ್ಲ, ಕ್ಲಾಸ್ ಇಲ್ಲ. ಕೇಬಲ್ ಸಿಕ್ಕಿಸಿದರೆ ವೋಲ್ಟೇಜ್ ಹೋಗಿಯೇ ಹೋಗುತ್ತದೆ. ಹೊರಾಂಗಣದ ವೈರ್‌ಲೆಸ್ ರೇಡಿಯೊಗಳ ಇಂಜೆಕ್ಟರುಗಳಲ್ಲಿ (ಒಂದೇ ಕೇಬಲ್ಲಿಗೆ ವಿದ್ಯುತ್ ಸೇರಿಸುವ ಪುಟ್ಟ ಪೆಟ್ಟಿಗೆಗಳಲ್ಲಿ) 24 ವೋಲ್ಟಿನ ಪ್ಯಾಸಿವ್ ಸಾಮಾನ್ಯ. ಆ ರೇಡಿಯೊಗಳನ್ನು 802.3ಎಎಫ್ ಸ್ವಿಚ್‌ಗೆ ಸಿಕ್ಕಿಸಿದರೆ ಎಚ್ಚರಗೊಳ್ಳುವುದಿಲ್ಲ, ಅಷ್ಟೇ. ಅಪಾಯ ಇರುವುದು ಎದುರು ದಿಕ್ಕಿನಲ್ಲಿ. ಪ್ಯಾಸಿವ್ ಇಂಜೆಕ್ಟರಿನ ಕೇಬಲ್ಲನ್ನು ಪಿಒಇ ತಿಳಿಯದ ಕಂಪ್ಯೂಟರಿಗೋ ಟಿವಿಗೋ ಹಾಕಿದರೆ ಅದರ ನೆಟ್‌ವರ್ಕ್ ಕಿಂಡಿಯ ಒಳಗಿನ ಬಿಡಿಭಾಗಗಳು ಸುಡಬಹುದು. ಮೈಕ್ರೋಟಿಕ್ ಸಾಧನಗಳಲ್ಲಿ ಪೋರ್ಟಿಗೆ ‘ಆಟೊ ಆನ್’, ‘ಫೋರ್ಸ್ಡ್ ಆನ್’, ‘ಆಫ್’ ಎಂಬ ಆಯ್ಕೆಗಳಿವೆ. ಆಟೊ ಆನ್ ಪರೀಕ್ಷಿಸಿ ಕೊಡುತ್ತದೆ, ಫೋರ್ಸ್ಡ್ ಆನ್ ಪರೀಕ್ಷಿಸದೆ ಕೊಡುತ್ತದೆ. ಫೋರ್ಸ್ಡ್ ಆನ್ ಇಟ್ಟ ಪೋರ್ಟಿನ ಮೇಲೆ ಕೆಂಪು ಪಟ್ಟಿ ಅಂಟಿಸಿ, ನಿಮ್ಮ ನಂತರ ಬರುವವರಿಗಾಗಿ. ಹೆಸರಿಲ್ಲದ ಅಗ್ಗದ ‘ಪಿಒಇ ಸ್ವಿಚ್’ ಕೊಳ್ಳುವಾಗ ಪೆಟ್ಟಿಗೆಯ ಮೇಲೆ 802.3 ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಹಂತ 7: ದೂರದಿಂದ ರೀಸ್ಟಾರ್ಟ್, ಸಮಯಪಟ್ಟಿ

ಹ್ಯಾಂಗ್ ಆದ ಸಾಧನಕ್ಕೆ ಪಿಒಇ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡಿದರೆ ಅದು ಹೊಸದಾಗಿ ಏಳುತ್ತದೆ. ಬಹಳಷ್ಟು ಮೆನುಗಳಲ್ಲಿ ಇದಕ್ಕೆ ‘ಪವರ್ ಸೈಕಲ್’ ಎಂಬ ಒಂದೇ ಗುಂಡಿ ಇರುತ್ತದೆ. ಅದು ಇದ್ದರೆ ಅದನ್ನೇ ಬಳಸಿ. ಕಾರಣ ಇದು: ನೀವು ವೈಫೈ ಮೂಲಕ ಸ್ವಿಚ್‌ಗೆ ಲಾಗಿನ್ ಆಗಿದ್ದೀರಿ, ಅದೇ ಆಕ್ಸೆಸ್ ಪಾಯಿಂಟಿನ ಪೋರ್ಟನ್ನು ಆಫ್ ಮಾಡಿದಿರಿ. ಮತ್ತೆ ಆನ್ ಮಾಡಲು ನಿಮಗೆ ದಾರಿಯೇ ಉಳಿಯಲಿಲ್ಲ. ಪವರ್ ಸೈಕಲ್ ಆದರೆ ಎರಡೂ ಕೆಲಸವನ್ನು ಸ್ವಿಚ್ಚೇ ಮಾಡಿಕೊಳ್ಳುತ್ತದೆ.

ಪೋರ್ಟನ್ನು ‘ಷಟ್‌ಡೌನ್’ ಮಾಡುವುದೂ ಪಿಒಇ ಆಫ್ ಮಾಡುವುದೂ ಒಂದೇ ಎಂದುಕೊಳ್ಳಬೇಡಿ. ಕೆಲವು ಸ್ವಿಚ್‌ಗಳಲ್ಲಿ ಷಟ್‌ಡೌನ್ ವಿದ್ಯುತ್ತನ್ನೂ ಕಡಿಯುತ್ತದೆ, ಕೆಲವುಗಳಲ್ಲಿ ಡೇಟಾ ಮಾತ್ರ ನಿಂತು ವಿದ್ಯುತ್ ಹರಿಯುತ್ತಲೇ ಇರುತ್ತದೆ. ಒಮ್ಮೆ ಪರೀಕ್ಷಿಸಿ ಪಟ್ಟಿಯಲ್ಲಿ ಬರೆದಿಡಿ. ಸಾಧನದ ಫರ್ಮ್‌ವೇರ್ ಅಪ್‌ಡೇಟ್ ನಡೆಯುತ್ತಿರುವಾಗ ಮಾತ್ರ ಕೈ ಹಾಕಬೇಡಿ, ಸಾಧನ ಕಾಯಂ ಕೆಡಬಹುದು. ಮೆಮೊರಿ ಕಾರ್ಡಿಗೆ ದಾಖಲಿಸುವ ಕ್ಯಾಮೆರಾವನ್ನು ಪದೇಪದೇ ಹೀಗೆ ಕಡಿದರೆ ಕಾರ್ಡು ಹಾಳಾಗುತ್ತದೆ.

ಕೆಲವು ಸ್ವಿಚ್, ರೂಟರ್‌ಗಳಲ್ಲಿ ಪಿಂಗ್ ಕಾವಲು ಇರುತ್ತದೆ. ಸಾಧನ ಉತ್ತರಿಸದಿದ್ದರೆ ತಾನಾಗಿ ವಿದ್ಯುತ್ ಕಡಿದು ಕೊಡುವ ಏರ್ಪಾಡು ಅದು. ಸಾಧನ ಪೂರ್ತಿ ಏಳಲು ಬೇಕಾದ ಸಮಯಕ್ಕಿಂತ ಹೆಚ್ಚು ಕಾಯುವಂತೆ ಅದನ್ನು ಹೊಂದಿಸಿ. ಎರಡು ನಿಮಿಷ ಬೇಕಾದ ಆಕ್ಸೆಸ್ ಪಾಯಿಂಟಿಗೆ ಒಂದು ನಿಮಿಷದ ಕಾವಲು ಇಟ್ಟರೆ ಅದು ಎಂದಿಗೂ ಏಳುವುದಿಲ್ಲ.

ಸ್ಕ್ರಿಪ್ಟ್ ಬರೆಯುವವರಿಗೆ ಎಸ್‌ಎನ್‌ಎಂಪಿ ದಾರಿ ಇದೆ (ನೆಟ್‌ವರ್ಕ್ ಸಾಧನಗಳ ಸ್ಥಿತಿ ಓದಲು, ಬದಲಿಸಲು ಇರುವ ಸಾಮಾನ್ಯ ಭಾಷೆ). ಪಿಒಇಗಾಗಿ ಬೇಕಾದ ವಿಳಾಸಗಳನ್ನು 2003ರ ಆರ್‌ಎಫ್‌ಸಿ 3621 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲಿ ಪಟ್ಟಿ ಮಾಡಿದ್ದಾರೆ, ಇದನ್ನು ಪಾಲಿಸುವ ಬ್ರ್ಯಾಂಡ್‌ಗಳಲ್ಲಿ ಒಂದೇ ವಿಳಾಸ ನಡೆಯುತ್ತದೆ. ಪೋರ್ಟಿನ ಪಿಒಇ ಆನ್, ಆಫ್‌ಗೆ 1.3.6.1.2.1.105.1.1.1.3, ಅದರ ಮುಂದೆ ಗುಂಪಿನ ಸಂಖ್ಯೆ ಮತ್ತು ಪೋರ್ಟ್ ಸಂಖ್ಯೆ. ಬೆಲೆ 1 ಎಂದರೆ ಆನ್, 2 ಎಂದರೆ ಆಫ್. ಸೊನ್ನೆ ಕೊಟ್ಟರೆ ಕೆಲಸ ಮಾಡುವುದಿಲ್ಲ. ಅದೇ ಸಾಲಿನಲ್ಲಿ ಕೊನೆಯ 3ರ ಬದಲು 6 ಹಾಕಿ ಓದಿದರೆ ಪೋರ್ಟಿನ ಸ್ಥಿತಿ ಸಿಗುತ್ತದೆ, 3 ಬಂದರೆ ವಿದ್ಯುತ್ ಹೋಗುತ್ತಿದೆ, 4 ಬಂದರೆ ದೋಷ. ಬರೆಯುವ ಅನುಮತಿಯನ್ನು ಎಸ್‌ಎನ್‌ಎಂಪಿಯ 3ನೇ ಆವೃತ್ತಿಯಲ್ಲಿ, ಪಾಸ್‌ವರ್ಡ್ ಸಹಿತ ಮಾತ್ರ ಕೊಡಿ. ಹಳೆಯ ಆವೃತ್ತಿಗಳಲ್ಲಿ ಗುಪ್ತಪದ ಬಿಚ್ಚಿಟ್ಟಂತೆ ತಂತಿಯಲ್ಲಿ ಹೋಗುತ್ತದೆ. ಅದು ಸಿಕ್ಕವರು ನಿಮ್ಮ ಕ್ಯಾಮೆರಾಗಳನ್ನೆಲ್ಲ ಒಂದೇ ಸಾಲಿನಲ್ಲಿ ಆಫ್ ಮಾಡಬಹುದು.

ಗೊತ್ತುಮಾಡಿದ ಹೊತ್ತಿಗೆ ಪಿಒಇ ತಾನಾಗಿ ಆನ್, ಆಫ್ ಆಗುವ ಸಮಯಪಟ್ಟಿಯ ಲಾಭ ಸಣ್ಣದಲ್ಲ. ಹತ್ತು ಆಕ್ಸೆಸ್ ಪಾಯಿಂಟು, ತಲಾ 10 ವ್ಯಾಟ್, ರಾತ್ರಿ ಹತ್ತು ತಾಸು ಆಫ್ ಇಟ್ಟರೆ ದಿನಕ್ಕೆ ಒಂದು ಯೂನಿಟ್ ಉಳಿಯುತ್ತದೆ. ಕ್ಯಾಮೆರಾಗೂ ತುರ್ತು ಫೋನಿಗೂ ಸಮಯಪಟ್ಟಿ ಹಾಕಬೇಡಿ. ಹಾಕುವ ಮುನ್ನ ಸ್ವಿಚ್‌ನ ಗಡಿಯಾರ ಎನ್‌ಟಿಪಿ ಸರ್ವರಿನಿಂದ ಸಮಯ ಪಡೆಯುತ್ತಿದೆಯೇ, ಭಾರತೀಯ ಕಾಲಮಾನ ಹೊಂದಿಸಿದೆಯೇ ನೋಡಿ. ಕರೆಂಟ್ ಹೋಗಿ ಬಂದ ಮೇಲೆ ಗಡಿಯಾರ ಮರೆಯುವ ಸಣ್ಣ ಸ್ವಿಚ್‌ಗಳಿವೆ, ಆಗ ಹಗಲು ಹೊತ್ತಿನಲ್ಲೇ ವೈಫೈ ಆಫ್ ಆಗುತ್ತದೆ.

ಎಲ್ಲ ಮುಗಿದ ಮೇಲೆ ‘ಸೇವ್ ಕಾನ್ಫಿಗರೇಷನ್’ ಒತ್ತಿ. ಹಲವು ಸ್ವಿಚ್‌ಗಳಲ್ಲಿ ‘ಅಪ್ಲೈ’ ಎಂಬುದು ತಾತ್ಕಾಲಿಕ, ರೀಸ್ಟಾರ್ಟ್ ಆದರೆ ಎಲ್ಲ ಹಳೆಯದಕ್ಕೆ ಮರಳುತ್ತದೆ.

ಹಂತ 8: ಕೇಬಲ್, ಬ್ಯಾಟರಿ, ಸಿಡಿಲು

ಮಾನದಂಡದಲ್ಲಿ 30 ಹೊರಟು 25.5 ಮಾತ್ರ ಯಾಕೆ ತಲುಪುತ್ತದೆ ಎಂಬುದಕ್ಕೆ ಲೆಕ್ಕ ಸರಳ. 0.6 ಆಂಪಿಯರ್ ಹರಿಯುವಾಗ 12.5 ಓಮ್ ರೋಧದ ದಾರಿಯಲ್ಲಿ 0.6 ಗುಣಿಸು 0.6 ಗುಣಿಸು 12.5, ಅಂದರೆ 4.5 ವ್ಯಾಟ್ ಶಾಖವಾಗಿ ಹೋಗುತ್ತದೆ. ಕರೆಂಟ್ ದುಪ್ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಒಳ್ಳೆಯ ತಾಮ್ರದ 90 ಮೀಟರ್ ಕೇಬಲ್ಲಿನಲ್ಲಿ 9 ವ್ಯಾಟಿನ ಕ್ಯಾಮೆರಾಗೆ ನಷ್ಟ ಸುಮಾರು ಕಾಲು ವ್ಯಾಟ್, 25 ವ್ಯಾಟಿನ ಸಾಧನಕ್ಕೆ ಸುಮಾರು 2 ವ್ಯಾಟ್.

ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಸಿಸಿಎ ಕೇಬಲ್ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ರೋಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಡೇಟಾ ಪರೀಕ್ಷೆಯಲ್ಲಿ ಪಾಸಾಗಿ, ರಾತ್ರಿ ದೀಪ ಉರಿದಾಗ ಕ್ಯಾಮೆರಾ ಬೀಳುವುದು ಇಂಥ ಕೇಬಲ್ಲಿನ ಲಕ್ಷಣ. ತುದಿಯನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಸಿಸಿಎ. ಪಿಒಇಗೆ ಅದನ್ನು ಬಳಸಲೇಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ, ಉಳಿಸಿದ ಹಣಕ್ಕಿಂತ ಗೋಡೆ ಮತ್ತೆ ಒಡೆಯುವ ಖರ್ಚು ಹೆಚ್ಚು. ಸಿಸಿಟಿವಿ ಸ್ವಿಚ್‌ಗಳ ಮೇಲಿರುವ ‘ಎಕ್ಸ್‌ಟೆಂಡ್’ ಗುಂಡಿ ಒತ್ತಿದರೆ 250 ಮೀಟರ್‌ವರೆಗೆ ಹೋಗುತ್ತದೆ ಎನ್ನುತ್ತಾರೆ. ಅದಕ್ಕಾಗಿ ಪೋರ್ಟಿನ ವೇಗ 10 ಎಂಬಿಪಿಎಸ್‌ಗೆ ಇಳಿದಿರುತ್ತದೆ. ಗೊತ್ತಿಲ್ಲದೆ ಒತ್ತಿ ‘ವಿಡಿಯೊ ತಡವರಿಸುತ್ತದೆ’ ಎನ್ನುವವರು ತುಂಬ ಜನ.

60, 90 ವ್ಯಾಟ್ ಹರಿಯುವ ಪೋರ್ಟಿನಿಂದ ಕೇಬಲ್ ಎಳೆಯುವ ಮುನ್ನ ಮೆನುವಿನಲ್ಲಿ ಪಿಒಇ ಆಫ್ ಮಾಡಿ. ಹರಿಯುತ್ತಿರುವಾಗ ಎಳೆದರೆ ಕಿಡಿ ಹಾರಿ ಕನೆಕ್ಟರಿನ ಹಲ್ಲುಗಳು ಸವೆಯುತ್ತವೆ.

ಯುಪಿಎಸ್ ಲೆಕ್ಕದಲ್ಲಿ ಸ್ವಿಚ್‌ನ ಸ್ವಂತ ಬಳಕೆ, ಪರಿವರ್ತನೆಯ ನಷ್ಟ ಸೇರಿಸಿ. 62 ವ್ಯಾಟ್ ಪಿಒಇ ಪೂರ್ತಿ ಬಳಕೆಯಾದರೆ ಗೋಡೆಯಿಂದ ಸುಮಾರು 80 ವ್ಯಾಟ್ ಎಂದು ಹಿಡಿಯಿರಿ. ಸಣ್ಣ ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 84 ವ್ಯಾಟ್-ಅವರ್, ಅದೂ ಹೊಸದಾಗಿದ್ದಾಗ, ಕಾಗದದ ಮೇಲೆ. ಒಂದು ಗಂಟೆಯೂ ಬರುವುದಿಲ್ಲ. ಸ್ವಿಚ್ ಬ್ಯಾಟರಿಯಲ್ಲಿದ್ದಾಗ ಲೋ ದರ್ಜೆಯ ಪೋರ್ಟುಗಳನ್ನು ಹಂತ 7ರ ಸ್ಕ್ರಿಪ್ಟಿನಿಂದ ಆಫ್ ಮಾಡಿದರೆ ಗೇಟಿನ ಕ್ಯಾಮೆರಾ ಇನ್ನಷ್ಟು ಹೊತ್ತು ನಡೆಯುತ್ತದೆ.

ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಕಂಬದ ಮೇಲಿನ ಕ್ಯಾಮೆರಾದ ಜೊತೆ ಸ್ವಿಚ್‌ನ ಪೋರ್ಟೂ ಹೋಗುವುದು ನಮ್ಮಲ್ಲಿ ಸಾಮಾನ್ಯ. ಹೊರಾಂಗಣ ಕೇಬಲ್ಲಿನ ಎರಡೂ ತುದಿಗೆ ಪಿಒಇ ಸಹಿಸುವ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದರ ಅರ್ತ್ ತಂತಿಯನ್ನು ನಿಜವಾದ ಅರ್ತಿಂಗಿಗೆ ಜೋಡಿಸಿ. ಅರ್ತ್ ಇಲ್ಲದ ಪ್ರೊಟೆಕ್ಟರ್ ಇದ್ದೂ ಇಲ್ಲದಂತೆ.

ಹಂತ 9: ಲಾಗ್ ಓದಿ

ಸ್ವಿಚ್‌ನ ಲಾಗ್, ಅಂದರೆ ಘಟನೆಗಳ ದಾಖಲೆ, ಕಾರಣವನ್ನು ಆಗಲೇ ಬರೆದಿಟ್ಟಿರುತ್ತದೆ. ‘ಪವರ್ ಡಿನೈಡ್’ ಬಂದರೆ ಬಜೆಟ್ ಇಲ್ಲ, ಹಂತ 3ಕ್ಕೆ ಹೋಗಿ. ‘ಓವರ್‌ಲೋಡ್’ ಬಂದರೆ ಸಾಧನ ತನ್ನ ಮಿತಿಗಿಂತ ಹೆಚ್ಚು ಎಳೆದಿದೆ, ಹಂತ 4 ನೋಡಿ. ‘ಇನ್‌ವ್ಯಾಲಿಡ್ ಸಿಗ್ನೇಚರ್’ ಬಂದರೆ ಆ 25 ಕಿಲೋಓಮ್ ಸಿಗಲಿಲ್ಲ ಎಂದರ್ಥ. ಎದುರಿಗಿರುವುದು ಪಿಒಇ ಸಾಧನ ಅಲ್ಲದಿರಬಹುದು, ಪ್ಯಾಸಿವ್ ಇರಬಹುದು, ಕನೆಕ್ಟರಿಗೆ ನೀರು ಇಳಿದು ಹಸಿರು ಕಟ್ಟಿರಬಹುದು. ‘ಎಂಪಿಎಸ್ ಆಬ್ಸೆಂಟ್’ ಎಂದರೆ ಸಾಧನ ಆ ಕನಿಷ್ಠ 10 ಮಿಲಿಆಂಪಿಯರನ್ನೂ ಎಳೆಯಲಿಲ್ಲ. ಕೇಬಲ್ ಕಳಚಿದೆ, ಇಲ್ಲವೇ ಸಾಧನಕ್ಕೆ ಬೇರೆ ಅಡಾಪ್ಟರಿನಿಂದಲೂ ವಿದ್ಯುತ್ ಸಿಗುತ್ತಿದೆ. ‘ಷಾರ್ಟ್ ಸರ್ಕ್ಯೂಟ್’ ಬಂದರೆ ಮೊದಲು ಪೋರ್ಟ್ ಆಫ್ ಮಾಡಿ, ಆಮೇಲೆ ಕೇಬಲ್ ಹುಡುಕಿ.

ದೋಷ ಎಲ್ಲಿದೆ ಎಂದು ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೊದಲು ಅದೇ ಸಾಧನವನ್ನು ಸ್ವಿಚ್ ಪಕ್ಕಕ್ಕೆ ತಂದು ಒಂದು ಮೀಟರ್ ಕೇಬಲ್ಲಿನಿಂದ ಅದೇ ಪೋರ್ಟಿಗೆ ಹಾಕಿ. ನಡೆದರೆ ತಪ್ಪು ಉದ್ದ ಕೇಬಲ್ಲಿನದು. ನಡೆಯದಿದ್ದರೆ ಬೇರೆ ಪೋರ್ಟಿಗೆ ಹಾಕಿ. ಅಲ್ಲಿ ನಡೆದರೆ ಹಳೆಯ ಪೋರ್ಟಿನ ಮಿತಿ, ಆದ್ಯತೆ ಎರಡನ್ನೂ ಹೋಲಿಸಿ ನೋಡಿ. ಅಲ್ಲೂ ನಡೆಯದಿದ್ದರೆ ಆ ಮಾನದಂಡಕ್ಕೆ ಸರಿಯಾದ ಇಂಜೆಕ್ಟರಿನಿಂದ ಸಾಧನವನ್ನು ಪ್ರತ್ಯೇಕವಾಗಿ ಪರೀಕ್ಷಿಸಿ. ಪರೀಕ್ಷೆಯನ್ನು ಹಗಲು ಮಾಡುತ್ತಿದ್ದರೆ ಕ್ಯಾಮೆರಾ ಮೆನುವಿನಲ್ಲಿ ‘ನೈಟ್ ಮೋಡ್’ ಬಲವಂತವಾಗಿ ಆನ್ ಮಾಡಿ. ಇನ್‌ಫ್ರಾರೆಡ್ ದೀಪ ಉರಿಯದೆ ನೋಡಿದ ವ್ಯಾಟ್ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.